ಇಂಗ್ಲಿಷ್ ಕವಿತೆಯಲ್ಲಿ ಗಂಡನ ಹೆಸರು

ಶಾರದವ್ವ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಕಾರ್ಡನ್ನೇ ಮುಂದೆ ಹಿಡಿಯುತ್ತಾಳೆ. ದವಾಖಾನೆಯಲ್ಲಿ ಕೇಳಿದರೆ ಜೊತೆಗೆ ಬಂದವರ ಮುಖ ನೋಡುತ್ತಾಳೆ. ಜೊತೆಗೆ ಯಾರೂ ಬಂದಿರದಿದ್ದರೆ ಸಾಲಿನಲ್ಲಿ ಹಿಂದೆ ನಿಂತವರ ಮುಖ ನೋಡುತ್ತಾಳೆ. ರಾಣೇಬೆನ್ನೂರಿನಲ್ಲಿ ಹಿಂದೆ ನಿಂತವರು ಯಾರೋ ಒಬ್ಬರು ಗುರುತಿನವರೇ ಆಗಿರುತ್ತಾರಾದ್ದರಿಂದ "ಮಲ್ಲೇಶಪ್ಪ ಅಂತ ಬರಕೋರಿ" ಎಂದು ಬಿಡುತ್ತಾರೆ. ಹೀಗೆ ಇಪ್ಪತ್ತನಾಲ್ಕು ವರ್ಷದ ಸಂಸಾರ ಸಲೀಸಾಗಿ ನಡೆದಿದೆ.

ಹೆಸರು ಹೇಳಲೇಬೇಕಾದ ಜಾಗ ಒಂದೇ. ಮದುವೆಮನೆಯಲ್ಲಿ ಹೆಂಗಸರೆಲ್ಲ ಹೊಸ್ತಿಲಿಗೆ ಅಡ್ಡ ನಿಂತು "ಹೆಸರು ಹೇಳಿದ್ರ ಒಳಗ, ಇಲ್ಲಂದ್ರ ಹೊರಗ" ಎಂದಾಗ ಹೊಸ ಮದುವಣಗಿತ್ತಿ ಎರಡು ಸಾಲಿನ ಪದ್ಯ ಕಟ್ಟಿ, ಅದರ ಕೊನೆಗೆ ಗಂಡನ ಹೆಸರು ಸೇರಿಸಿ ಹೇಳಬೇಕು. ಅದಕ್ಕೆ ಒಡಪು ಎನ್ನುತ್ತಾರೆ. ಪದ್ಯವೆಲ್ಲ ಬೇರೆ ಯಾವುದೋ ವಿಷಯದ್ದು, ರೊಟ್ಟಿಯದೋ ತೊಟ್ಟಿಲದೋ ಎಮ್ಮೆಯದೋ. ಕೇಳುವವರು ಎಮ್ಮೆಯ ಹಿಂದೆ ಹೋಗುತ್ತಿರುವಾಗ ತಟ್ಟನೆ ಗಂಡ ಸಿಗಬೇಕು. ಇದನ್ನು ಕಟ್ಟುವುದರಲ್ಲಿ ಶಾರದವ್ವನನ್ನು ಮೀರಿಸಿದವರಿಲ್ಲ. ಓಣಿಯ ಯಾವ ಹುಡುಗಿಯ ಮದುವೆ ಗೊತ್ತಾದರೂ ಮೊದಲು ಭಟ್ಟರ ಮನೆಗೆ, ಆಮೇಲೆ ಶಾರದವ್ವನ ಮನೆಗೆ ಹೋಗುವುದು ರೂಢಿ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಅಜ್ಜಪ್ಪನಿಗೆ ಕೊಟ್ಟ ಹುಡುಗಿಗೆ ಅವಳು ಕಟ್ಟಿಕೊಟ್ಟದ್ದು ಇವತ್ತಿಗೂ ಚಾಲ್ತಿಯಲ್ಲಿದೆ:

ಬ್ಯಾಡಗಿ ಮೆಣಸಿನಕಾಯಿ, ಖಾರಕ್ಕಿಂತ ಜಾಸ್ತಿ ಬಣ್ಣ,
ಅಜ್ಜಪ್ಪನವರ ಸಿಟ್ಟು ಅಂದ್ರ ಸಿಪ್ಪಿ ತಗದ ಬಾಳಿಹಣ್ಣ.

ಅಂದಿನಿಂದ ಅಜ್ಜಪ್ಪ ಅಂಗಡಿಯಲ್ಲಿ ಸಿಟ್ಟು ಮಾಡುವುದನ್ನೇ ಬಿಟ್ಟಿದ್ದಾನೆ. ಮಾಡಿದರೆ ಹಮಾಲರು ಬಾಳೆಹಣ್ಣು ಎನ್ನುತ್ತಾರೆ.

ಪದ್ಯ ಹೊಟ್ಟೆ ತುಂಬಿಸುವುದಿಲ್ಲವಾದ್ದರಿಂದ ಶಾರದವ್ವ ಬೀಜ ಆರಿಸುತ್ತಾಳೆ. ಊರ ಹೊರಗಿನ ಒಂದು ಬೀಜದ ಕಂಪನಿಯ ಹಾಲಿನಲ್ಲಿ ಉದ್ದನೆಯ ಬಿಳಿ ಮೇಜುಗಳ ಮುಂದೆ ನಲವತ್ತು ಹೆಂಗಸರು ಕುಳಿತು ಟೊಮೆಟೊ, ಬದನೆ, ಮೆಣಸಿನ ಬೀಜಗಳಲ್ಲಿ ಒಡೆದದ್ದು, ಜೊಳ್ಳು, ಬಣ್ಣಗೆಟ್ಟದ್ದು ತೆಗೆದು ಗಟ್ಟಿಯದನ್ನು ಉಳಿಸುತ್ತಾರೆ. ಶಾರದವ್ವ ಅಲ್ಲಿ ಹದಿನಾರು ವರ್ಷದಿಂದ ಇದ್ದಾಳೆ. ಹೋದ ದೀಪಾವಳಿಯ ಹೊತ್ತಿಗೆ ಅಲ್ಲಿನ ಸೂಪರ್‌ವೈಸರ್ ಕೆಲಸ ಬಿಟ್ಟಳು. ಅಂದಿನಿಂದ ಅವಳ ಕೆಲಸವನ್ನೆಲ್ಲ ಶಾರದವ್ವನೇ ಮಾಡುತ್ತ ಬಂದಳು, ಸಹಿ ಒಂದನ್ನು ಬಿಟ್ಟು. ಸಹಿ ಮಾಡಲು ಹತ್ತನೆಯ ತರಗತಿ ಪಾಸಾಗಿರಬೇಕು.

ಮ್ಯಾನೇಜರ್ ಕರಬಸಪ್ಪ ಅವಳನ್ನು ಕರೆದು ಹೇಳಿದ, "ನೋಡವಾ, ಜೂನ್ ಮೂವತ್ತರೊಳಗ ಸರ್ಟಿಫಿಕೇಟ್ ತಂದು ಟೇಬಲ್ ಮ್ಯಾಲ ಇಡು, ಖುರ್ಚಿ ನಿಂದು. ಇಲ್ಲಾಂದ್ರ ಹೊರಗಿಂದ ಡಿಗ್ರಿ ಆದ ಹುಡುಗಿ ಬರ್ತಾಳ. ಆಕಿಗೆ ನೀನ ಕೆಲಸ ಕಲಿಸಬೇಕಾಕ್ಕತಿ."

ಕೊನೆಯ ಮಾತು ಶಾರದವ್ವನಿಗೆ ನಾಟಿತು. ತನ್ನ ತಲೆಯ ಮೇಲೆ ಕೂರುವವಳಿಗೆ ತಾನೇ ಏಣಿ ಹಿಡಿಯುವುದೆಂದರೆ ಏನು.

ಹತ್ತನೆಯದರಲ್ಲಿ ಅವಳಿಗೆ ಉಳಿದಿದ್ದದ್ದು ಇಂಗ್ಲಿಷ್ ಒಂದೇ. ಹಿಂದಿನ ವರ್ಷ ಖಾಸಗಿಯಾಗಿ ಪರೀಕ್ಷೆ ಕಟ್ಟಿ ಬೇರೆಲ್ಲ ವಿಷಯ ಪಾಸು ಮಾಡಿಕೊಂಡಿದ್ದಳು. ಹುಡುಗಿಯಾಗಿದ್ದಾಗ ಕರ್ಜಗಿಯ ಹೈಸ್ಕೂಲಿನಲ್ಲಿ ಕೈಕೊಟ್ಟದ್ದೂ ಇದೇ ಇಂಗ್ಲಿಷು. ಅದಕ್ಕೂ ಇವಳಿಗೂ ಹಳೆಯ ಪರಿಚಯ, ಆದರೆ ಮಾತುಕತೆ ಇರಲಿಲ್ಲ.

ಮೂರು ಮನೆ ಆಚೆಗಿನ ಹರಿಪ್ರಿಯಾ ಖಾಸಗಿ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಇಪ್ಪತ್ತಾರರ ಹುಡುಗಿ, ಎಂ.ಎ. ಓದಿದವಳು, ಟೀಚರಾದ್ದರಿಂದ ಓಣಿಗೆಲ್ಲ ಅಕ್ಕೋರು. ಬರುವ ಫೆಬ್ರವರಿಗೆ ಹಾವೇರಿಯ ಬ್ಯಾಂಕ್ ಉದ್ಯೋಗಿ ವಿಕ್ರಮನೊಂದಿಗೆ ಅವಳ ಮದುವೆ ಗೊತ್ತಾಗಿತ್ತು. ಡಿಸೆಂಬರಿನ ಒಂದು ಸಂಜೆ ಶಾರದವ್ವ ಅವರ ಮನೆಯ ಕಟ್ಟೆಯ ಮೇಲೆ ಕುಳಿತು ತನ್ನ ಕಷ್ಟ ಹೇಳಿದಳು. ಹರಿಪ್ರಿಯಾ ಕೇಳಿಸಿಕೊಂಡು ತನ್ನ ಕಷ್ಟ ಹೇಳಿದಳು.

"ಶಾರದಕ್ಕ, ಅವರ ಕಡೆ ಒಡಪಿಗೆ ಭಾಳ ಮರ್ಯಾದಿ ಅದ ಅಂತ. ಅವರ ಸೋದರತ್ತಿ ಒಬ್ಬಾಕಿ ಇದ್ದಾಳ, ಸೊಸಿ ಮೂರು ಒಡಪು ಹೇಳೂತನಕ ಹೊಸ್ತಿಲಾ ಬಿಡೂದಿಲ್ಲಂತ. ನನಗ ಒಂದೂ ಬರೂದಿಲ್ಲ."

"ಇಂಗ್ಲೀಷ್ ಕಲತು ಅದು ಬರಾಂಗಿಲ್ಲೇನ್ರಿ ಅಕ್ಕೋರ?"

"ಅದು ಬ್ಯಾರೆ, ಇದು ಬ್ಯಾರೆ."

ಒಳಗಿನಿಂದ ಹರಿಪ್ರಿಯಾಳ ತಾಯಿ ಪದ್ಮಜಾ ಚಹಾ ತಂದಿಟ್ಟು, "ಹಂಗಾದ್ರ ಅದಲು ಬದಲು ಮಾಡ್ಕೊಳ್ರಿ," ಎಂದು ತೀರ್ಪು ಕೊಟ್ಟರು. ಸಂಜೆ ಆರರಿಂದ ಆರೂವರೆ ಇಂಗ್ಲಿಷು, ಆರೂವರೆಯಿಂದ ಏಳು ಒಡಪು. ಕಟ್ಟೆ ಒಂದೇ, ಗುರುಶಿಷ್ಯರು ಮಾತ್ರ ನಡುವೆ ಜಾಗ ಬದಲಿಸುವುದು. ಗುರುವಾದವರು ಕಂಬಕ್ಕೆ ಒರಗಬಹುದು ಎಂಬುದು ಶಾರದವ್ವ ಮಾಡಿದ ನಿಯಮ.

ಮೊದಲ ವಾರ ಅಲಂಕಾರಗಳದ್ದು. ಸಿಮಿಲಿ ಎಂದರೆ ಒಂದನ್ನು ಇನ್ನೊಂದರ ಹಾಗೆ ಎನ್ನುವುದು, ಮೆಟಾಫರ್ ಎಂದರೆ ಹಾಗೆ ಗೀಗೆ ಎನ್ನದೆ ಅದೇ ಇದು ಎಂದುಬಿಡುವುದು. ಹರಿಪ್ರಿಯಾ ಕರಿಹಲಗೆಯ ದನಿಯಲ್ಲಿ ಇಷ್ಟು ಹೇಳುವಷ್ಟರಲ್ಲಿ ಶಾರದವ್ವ ಮುಂದೆ ಹೋಗಿದ್ದಳು.

"ಕರಬಸಪ್ಪ ಸಾಹೇಬ್ರು ಗೂಳಿ ಹಂಗ ಬಂದ್ರು ಅಂದ್ರ ಸಿಮಿಲಿ. ಗೂಳಿ ಬಂತು ಅಂದ್ರ ಮೆಟಾಫರ್. ಹೌದಲ್ರಿ?"

"ಹೌದು. ಆದ್ರ ಪರೀಕ್ಷಾದಾಗ ಸಾಹೇಬರನ್ನ ತರಬ್ಯಾಡ್ರಿ."

"ಸಾಹೇಬ್ರ ನೆಳ್ಳು ಸಾಹೇಬ್ರಿಗಿಂತ ಮದ್ಲ ಊಟಕ್ಕ ಹೋಗ್ತೈತಿ ಅಂದ್ರ?"

ಹರಿಪ್ರಿಯಾ ಸ್ವಲ್ಪ ಯೋಚಿಸಬೇಕಾಯಿತು. "ಅದು ಪರ್ಸಾನಿಫಿಕೇಶನ್, ಜೀವ ಇಲ್ಲದ್ದಕ್ಕ ಜೀವ ಕೊಡೂದು. ಸ್ವಲ್ಪ ಹೈಪರ್ಬೋಲಿ, ಅಂದ್ರ ಉತ್ಪ್ರೇಕ್ಷಾನೂ ಅದ."

"ಹೈಪರ್ಬೋಲಿ ಏನಿಲ್ರಿ, ಖರೇನ ಹೋಗ್ತೈತಿ."

ಮರುದಿನ ಹಾಲಿನಲ್ಲಿ ಈ ಪಾಠ ಇನ್ನೊಮ್ಮೆ ನಡೆಯಿತು. ಅಲ್ಲಿ ಶಾರದವ್ವನ ಮಗ್ಗುಲಿಗೆ ಕೂರುವವಳು ಹಸೀನಾಬಿ, ಬೀಜ ಆರಿಸುವುದರಲ್ಲಿ ಎಷ್ಟು ಚುರುಕೋ ಸಾಹೇಬರನ್ನು ಆಡಿಕೊಳ್ಳುವುದರಲ್ಲಿ ಅದಕ್ಕಿಂತ ಒಂದು ಕೈ ಹೆಚ್ಚು. ಶಾರದವ್ವ ಬಾಯಿಪಾಠಕ್ಕೆಂದು ಗಟ್ಟಿಯಾಗಿ ಹೇಳಿಕೊಂಡದ್ದು ನಲವತ್ತು ಹೆಂಗಸರಿಗೂ ಬಾಯಿಪಾಠವಾಯಿತು. ವಾರದೊಳಗೆ ಕರಬಸಪ್ಪನ ಚಪ್ಪಲಿಯ ಸಪ್ಪಳ ಕೇಳಿದೊಡನೆ ಬಾಗಿಲ ಹತ್ತಿರದವಳು "ಮೆಟಾಫರ್ ಬಂತು" ಎನ್ನುವುದು, ಎಲ್ಲರೂ ತಲೆ ತಗ್ಗಿಸಿ ಬೀಜದೊಳಗೆ ಮುಳುಗುವುದು ಶುರುವಾಯಿತು. ಕರಬಸಪ್ಪ ಮೂರು ದಿನ ತಡೆದು ನಾಲ್ಕನೆಯ ದಿನ ಕೇಳಿಯೇ ಬಿಟ್ಟ.

"ಏನದು, ನಾ ಬಂದ ಕೂಡ್ಲೆ ಏನೋ ಅಂತೀರಲ್ಲ?"

"ಇಂಗ್ಲೀಷ್ ರೀ ಸಾಹೇಬ್ರ," ಎಂದಳು ಹಸೀನಾಬಿ. "ದೊಡ್ಡವರನ್ನ ನೇರ ಹೆಸರು ಹಿಡದು ಕರೀಬಾರದಂತ. ಬ್ಯಾರೆ ಒಂದು ಇಟ್ಟು ಕರೀಬೇಕಂತ. ಶಾರದವ್ವ ಓದಾಕತ್ತಾಳ್ರಿ."

ಕರಬಸಪ್ಪನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಹುಡುಕಿದರೂ ಹಸೀನಾಬಿಯ ಮಾತಿನಲ್ಲಿ ಸುಳ್ಳೂ ಇರಲಿಲ್ಲ.

ಶಬ್ದಗಳ ಪಟ್ಟಿಯೂ ಹೀಗೆಯೇ ಸಲೀಸಾಗಿ ಹೋಯಿತು. ಖಾಲಿ ಬೀಜದ ಪಾಕೀಟುಗಳ ಹಿಂದೆ ಒಂದೊಂದು ಶಬ್ದ ಬರೆದು, ಊಟದ ಬಿಡುವಿನಲ್ಲಿ ಮೇಜಿನ ಮೇಲೆ ಹರವಿ ಶಾರದವ್ವ ಶಬ್ದ ಆರಿಸುತ್ತಿದ್ದಳು. ಗೊತ್ತಿದ್ದದ್ದು ಬಲಕ್ಕೆ, ಗೊತ್ತಿಲ್ಲದ್ದು ಎಡಕ್ಕೆ. ನಡುವೆ ಮೂರನೆಯದೊಂದು ಗುಂಪು ಮಾಡಿದ್ದಳು, ಜೊಳ್ಳು ಎಂದು. ಬ್ಯೂಟಿಫುಲ್, ವಂಡರ್‌ಫುಲ್, ಮಾರ್ವೆಲಸ್ ಅದರಲ್ಲಿದ್ದವು. "ನೋಡಾಕ ದುಂಡಗ ಅದಾವ್ರಿ. ಒಳಗ ತಿರುಳ ಇಲ್ಲ. ಹಾಕಿದ್ರ ಹುಟ್ಟಂಗಿಲ್ಲ," ಎಂದಳು ಹರಿಪ್ರಿಯಾಳಿಗೆ. ಹರಿಪ್ರಿಯಾ ಮುಂದಿನ ಪುಟ ತಿರುವಿದಳು. ಅಂದು ಬೆಳಿಗ್ಗೆಯೇ ವಿಕ್ರಮನಿಗೆ ಕಳಿಸಿದ ಮೆಸೇಜಿನಲ್ಲಿ ಆ ಮೂರರಲ್ಲಿ ಎರಡನ್ನು ಅವಳು ಬಳಸಿದ್ದಳು.

ಕುತ್ತು ಬಂದದ್ದು ಕವಿತೆಯ ಪಾಠದಲ್ಲಿ.

ಪುಸ್ತಕದಲ್ಲಿ ನದಿಯ ಮೇಲೊಂದು ಕವಿತೆ ಇತ್ತು, ಬರೆದವಳು ಹೆಂಗಸು. ಹರಿಪ್ರಿಯಾ ಓದಿ ಅರ್ಥ ಹೇಳಿದಳು. ನದಿ ಹರಿಯುತ್ತದೆ, ಬಂಡೆಗೆ ಬಡಿಯುತ್ತದೆ, ಬಾಗುತ್ತದೆ, ಕಡೆಗೆ ಸಮುದ್ರ ಸೇರುತ್ತದೆ. ಶಾರದವ್ವ ಮೈಯೆಲ್ಲ ಕಿವಿಯಾಗಿ ಕೇಳಿದಳು. ಮುಗಿದ ಮೇಲೂ ಹಾಗೆಯೇ ಕೂತಿದ್ದಳು.

"ಮುಗೀತು ಶಾರದಕ್ಕ."

"ಹೆಸರು?"

"ಯಾರ ಹೆಸರು?"

"ಆಕಿ ಗಂಡಂದು. ಇಷ್ಟೊತ್ತನ ನದಿ ಹಿಂದ ತಿರುಗಾಡಿಸಿದ್ಲು, ಕಡೀಕ ಹೆಸರ ಹೇಳಲಿಲ್ಲ."

ಹರಿಪ್ರಿಯಾ ತಾಳ್ಮೆಯಿಂದ ಬಿಡಿಸಿ ಹೇಳಿದಳು. ಇಂಗ್ಲಿಷ್ ಕವಿತೆಯಲ್ಲಿ ಗಂಡನ ಹೆಸರು ಇರುವುದಿಲ್ಲ. ನದಿ ಎಂದರೆ ನದಿ. ಹೆಚ್ಚೆಂದರೆ ಜೀವನ. ಶಾರದವ್ವ ಒಪ್ಪಲಿಲ್ಲ. ಬರೀ ನದಿಯ ಬಗ್ಗೆ ಹೇಳಬೇಕಾದರೆ ಇಷ್ಟು ಪ್ರಾಸ ಕೂಡಿಸುವ ಕಷ್ಟ ಯಾರು ಪಡುತ್ತಾರೆ? ಹಾಗೆ ಬೇಕಿದ್ದರೆ ಐರಣಿಗೆ ಹೋಗಿ ತುಂಗಭದ್ರೆ ನೋಡಿಬಂದರಾಯಿತು. ಹೆಂಗಸೊಬ್ಬಳು ಒಂದು ವಿಷಯ ಇಟ್ಟುಕೊಂಡು ಇನ್ನೊಂದು ಹೇಳುತ್ತಿದ್ದಾಳೆ ಎಂದರೆ ಅಲ್ಲೊಂದು ಹೆಸರು ಇರಲೇಬೇಕು. ಇಲ್ಲ ಎಂದರೆ ಸಿಟ್ಟಿನಲ್ಲಿದ್ದಾಳೆ, ಬೇಕೆಂದೇ ಬಿಟ್ಟಿದ್ದಾಳೆ.

"ನೋಡ್ರಿ ಅಕ್ಕೋರ, ಬಂಡಿಗಿ ಬಡೀತೈತಿ ಅಂದ್ಲು. ಬಂಡಿ ಅಂದ್ರ ಅತ್ತಿ. ಬಾಗತೈತಿ ಅಂದ್ಲು, ಅದು ಈಕಿನ. ಕಡೀಕ ಸಮುದ್ರ ಅಂದ್ಲು ನೋಡ್ರಿ, ಅವನs ಗಂಡ. ಏನ್ ಹಾಕಿದ್ರೂ ಮಾತಾಡಂಗಿಲ್ಲ."

ಅಲ್ಲಿಂದ ಮುಂದೆ ಪ್ರತಿ ಕವಿತೆಯೂ ತನಿಖೆಗೆ ಒಳಗಾಯಿತು. ಮರದ ಕವಿತೆ ಬರೆದವಳ ಗಂಡ ಎತ್ತರದವನು, ಮನೆಗೆಲಸಕ್ಕೆ ಒದಗದವನು. ಮೋಡದ ಕವಿತೆಯವಳ ಗಂಡ ಬರುತ್ತೇನೆಂದು ಹೇಳಿ ಬಾರದೆ ಹೋಗುವವನು, ಬಹುಶಃ ಕಂಡಕ್ಟರ್. ಯುದ್ಧಕ್ಕೆ ಹೋದ ಸಿಪಾಯಿಯ ಕವಿತೆಯನ್ನು ಗಂಡಸೊಬ್ಬ ಬರೆದಿದ್ದಾನೆಂದು ಗೊತ್ತಾದಾಗ ಸ್ವಲ್ಪ ತಡವರಿಸಿದಳು, ಆಮೇಲೆ ಬಂದೂಕಿನಲ್ಲಿ ಅವನ ಹೆಂಡತಿಯನ್ನು ಗುರುತಿಸಿದಳು. ಇದು ಎಲ್ಲಿಗೆ ಹೋಗುತ್ತದೆಂದು ಹರಿಪ್ರಿಯಾಳಿಗೆ ಹೊಳೆದದ್ದು ಜನವರಿಯ ಕಿರುಪರೀಕ್ಷೆಯಲ್ಲಿ. ಕವಿತೆಯ ಸಾರಾಂಶ ಬರೆಯಿರಿ ಎಂದಿದ್ದ ಕಡೆ ಶಾರದವ್ವ ಬರೆದಿದ್ದಳು: ಇವಳು ಗಂಡನ ಹೆಸರು ಹೇಳುತ್ತಿಲ್ಲ, ಇನ್ನೂ ನಾಲ್ಕು ದಿನ ಹೇಳಲಿಕ್ಕಿಲ್ಲ.

ಹರಿಪ್ರಿಯಾ ಕೆಂಪು ಪೆನ್ನಿನಲ್ಲಿ ಸೊನ್ನೆ ಹಾಕಿದಳು. "ಶಾರದಕ್ಕ, ನಿಮಗ ಖುರ್ಚಿ ಬೇಕೋ, ಆಕಿ ಗಂಡನ ಹೆಸರು ಬೇಕೋ?"

"ಖುರ್ಚಿ ಬೇಕ್ರಿ."

"ಹಂಗಾದ್ರ ನಾ ಕೊಟ್ಟದ್ದು ಬಾಯಿಪಾಠ ಮಾಡ್ರಿ."

ಕೊಟ್ಟದ್ದು ಗೈಡಿನ ನಾಲ್ಕು ಇಂಗ್ಲಿಷ್ ಸಾಲು, ಅರ್ಥ ಇಷ್ಟು. ಈ ಕವಿತೆಯು ಪ್ರಕೃತಿಯ ಸೌಂದರ್ಯವನ್ನು ಬಣ್ಣಿಸುತ್ತದೆ, ಕವಿಯು ಸುಂದರ ಪದಗಳನ್ನು ಬಳಸಿದ್ದಾರೆ, ಇದರಿಂದ ನಮಗೆ ಒಳ್ಳೆಯ ಸಂದೇಶ ದೊರೆಯುತ್ತದೆ, ಎಲ್ಲರೂ ಓದಬೇಕು. ಶಾರದವ್ವ ಒಂದೇ ಸಂಜೆಯಲ್ಲಿ ಕಲಿತಳು. ಕಲಿತು, ಪುಸ್ತಕ ತಿರುವಿ ಹಾಕಿ, ಕಂಡುಹಿಡಿದಳು.

"ಅಕ್ಕೋರ, ಇದು ನದಿಗೂ ಬರ್ತೈತಿ, ಗಿಡಕ್ಕೂ ಬರ್ತೈತಿ, ಸಿಪಾಯಿಗೂ ಬರ್ತೈತಿ."

"ಅದಕ್ಕs ಕೊಟ್ಟದ್ದು."

"ಹಂಗಾರ ಕವಿತಾ ಓದೂದು ಯಾಕ್ರಿ?"

ಹರಿಪ್ರಿಯಾ ಗಡಿಯಾರ ನೋಡಿದಳು. ಆರೂವರೆ ಆಗಿತ್ತು, ಜಾಗ ಬದಲಿಸುವ ಹೊತ್ತು. ಶಾರದವ್ವ ಕಂಬಕ್ಕೆ ಒರಗಿದಳು.

"ಹೇಳ್ರಿ ನೋಡೂಣು, ಏನು ಕಟಗೊಂಡ ಬಂದೀರಿ?"

ಹರಿಪ್ರಿಯಾ ಗಂಟಲು ಸರಿಮಾಡಿಕೊಂಡು, "ಆಕಾಶದಲ್ಲಿ ಚಂದ್ರಮ, ನನ್ನ ಪತಿ ವಿಕ್ರಮ" ಎಂದಳು.

ಶಾರದವ್ವ ಕಟ್ಟೆಯ ಮೇಲೆ ಬೆರಳಿನಿಂದ ಸೊನ್ನೆ ಬರೆದಳು. ಕೆಂಪು ಪೆನ್ನು ಅವಳ ಹತ್ತಿರ ಇರಲಿಲ್ಲ ಅಷ್ಟೆ. "ಚಂದ್ರಮ ಎಲ್ಲಾರ ಮನಿ ಮ್ಯಾಲೂ ಬರ್ತಾನ್ರಿ. ಇವರು ನಿಮ್ಮ ಮನಿಗಷ್ಟ ಬಂದಾರ. ಬಂದಾಗ ಏನ್ ಮಾಡಿದ್ರು, ಅದನ್ನ ಹೇಳ್ರಿ."

"ಏನೂ ಮಾಡ್ಲಿಲ್ಲ. ಕೂತ್ರು, ಉಪ್ಪಿಟ್ಟು ತಿಂದ್ರು, ಹೋದ್ರು."

"ಉಪ್ಪಿಟ್ಟು ಹೆಂಗಿತ್ತು?"

ಹರಿಪ್ರಿಯಾಳ ಮುಖ ಕೆಂಪಾಯಿತು. ಹೆಣ್ಣು ನೋಡಲು ಬಂದ ದಿನ ಗಡಿಬಿಡಿಯಲ್ಲಿ ತಾಯಿ ಒಮ್ಮೆ, ಮಗಳು ಒಮ್ಮೆ ಉಪ್ಪು ಹಾಕಿದ್ದರು. ವಿಕ್ರಮ ತಟ್ಟೆ ಪೂರ್ತಿ ಖಾಲಿ ಮಾಡಿದ್ದ. ಮೂರು ಸಲ ನೀರು ಕೇಳಿದ್ದ.

"ಇಟ್ಕೊಂಡು ಏನ್ ಮಾಡಾಕತ್ತೀರಿ ಇದನ್ನ? ಬಂಗಾರದಂಥಾ ಗಂಡನ್ನ ಬಿಟ್ಟು ಚಂದ್ರಮನ ಹಿಂದ ಹೊಂಟಿದ್ರಿ."

ಫೆಬ್ರವರಿಯಲ್ಲಿ ಹಾವೇರಿಯ ಗಂಡಿನ ಮನೆಯ ಹೊಸ್ತಿಲಲ್ಲಿ ಆ ಸೋದರತ್ತೆ ಅಡ್ಡ ನಿಂತಾಗ, ಹೆಂಗಸರ ಹಿಂಡಿನ ನಡುವೆ ಶಾರದವ್ವನೂ ಇದ್ದಳು, ಪರೀಕ್ಷೆಯ ಕೊಠಡಿಯ ಹೊರಗೆ ನಿಂತ ತಾಯಿಯ ಹಾಗೆ ತುಟಿ ಆಡಿಸುತ್ತ. ಹರಿಪ್ರಿಯಾ ಸೆರಗು ಸರಿಮಾಡಿಕೊಂಡು ಹೇಳಿದಳು:

ಉಪ್ಪಿಟ್ಟಿಗೆ ಉಪ್ಪು ಹೆಚ್ಚಾತು, ಹೇಳಲಿಲ್ಲ ಯಾರೂ,
ಮೂರು ಲೋಟ ನೀರು ಕುಡದು ಸುಮ್ಮನಿದ್ದರು ವಿಕ್ರಮ ಅವರು.

ಸೋದರತ್ತೆಯೇ ಮೊದಲು ನಕ್ಕಳು. ಆಮೇಲೆ ನಗು ಪಡಸಾಲೆಯಿಂದ ಅಡುಗೆಮನೆಗೆ, ಅಲ್ಲಿಂದ ಹಿತ್ತಲಿಗೆ ಹೋಯಿತು. ವಿಕ್ರಮ ಮೇಲೆ ನೋಡಬೇಕೋ ಕೆಳಗೆ ನೋಡಬೇಕೋ ತಿಳಿಯದೆ ಬಾಸಿಂಗದ ಹಿಂದೆ ಅಡಗಿದ. ಸೋದರತ್ತೆ ಉಳಿದೆರಡು ಒಡಪು ಕೇಳದೆ ಹೊಸ್ತಿಲು ಬಿಟ್ಟಳು. ಹೀಗೆ ಶಾರದವ್ವನ ಶಿಷ್ಯೆ ಪಾಸಾದಳು. ಹರಿಪ್ರಿಯಾಳ ಶಿಷ್ಯೆಯದು ಬಾಕಿ ಇತ್ತು.

ಮಾರ್ಚಿನ ಕೊನೆಗೆ ಪರೀಕ್ಷೆ, ಕೇಂದ್ರ ಹಾವೇರಿಯಲ್ಲೇ. ಬಸ್ಸಿನಲ್ಲಿ ಶಾರದವ್ವ ಗೈಡಿನ ನಾಲ್ಕು ಸಾಲನ್ನು ಮೋಟೆಬೆನ್ನೂರು ಬರುವವರೆಗೆ ಹನ್ನೆರಡು ಸಲ ಹೇಳಿಕೊಂಡಳು. ಸುತ್ತಮುತ್ತ ಕೂತ ಮಕ್ಕಳು ಅವಳನ್ನು ಮೇಲ್ವಿಚಾರಕಿ ಎಂದು ತಿಳಿದು ನಮಸ್ಕಾರ ಮಾಡಿದವು. ಅವಳು ತಲೆಯಾಡಿಸಿ ಸ್ವೀಕರಿಸಿದಳು.

ಪ್ರಶ್ನೆಪತ್ರಿಕೆ ಬಂತು. ಅಲಂಕಾರ ಗುರುತಿಸುವುದೆಲ್ಲ ಕರಬಸಪ್ಪನ ಕೃಪೆಯಿಂದ ಸಲೀಸು. ಶಬ್ದಗಳಲ್ಲಿ ಎರಡು ಎಡಗಡೆಯ ಗುಂಪಿನವು ಕೈಕೊಟ್ಟವು. ಪತ್ರ, ಪ್ರಬಂಧ ಹೇಗೋ ಆದವು. ಕಡೆಗೆ ಪುಸ್ತಕದಲ್ಲಿ ಇಲ್ಲದ ಕವಿತೆಯೊಂದು, ನಾಲ್ಕು ಅಂಕದ್ದು. ಎಂಟೇ ಸಾಲು. ಸಂಜೆಯಾಗಿದೆ. ಗೇಟು ಕಿರುಗುಟ್ಟುತ್ತದೆ. ನಾಯಿ ತಲೆ ಎತ್ತುತ್ತದೆ. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಸಪ್ಪಳ ಮಾಡುತ್ತದೆ. ನಾನು ಹೊಲಿಯುತ್ತಿರುವ ಬಟ್ಟೆಯಿಂದ ಕಣ್ಣು ಎತ್ತುವುದಿಲ್ಲ. ಅಷ್ಟೇ. ಪ್ರಶ್ನೆ: ಇವಳು ಕಣ್ಣು ಏಕೆ ಎತ್ತುವುದಿಲ್ಲ? ವಿವರಿಸಿರಿ.

ಶಾರದವ್ವ ಕೊಟ್ಟ ಮಾತಿನಂತೆ ಗೈಡಿನ ಸಾಲು ಶುರುಮಾಡಿದಳು. "ಈ ಕವಿತೆಯು ಪ್ರಕೃತಿಯ ಸೌಂದರ್ಯವನ್ನು" ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಇನ್ನೊಮ್ಮೆ ಕವಿತೆ ನೋಡಿದಳು. ಪ್ರಕೃತಿ ಎಲ್ಲಿಯೂ ಇರಲಿಲ್ಲ. ಇದ್ದದ್ದು ಒಂದು ನಾಯಿ. ಕುಮಾರಪಟ್ಟಣದ ಕಾರ್ಖಾನೆಗೆ ಆಳುಗಳನ್ನು ಒಯ್ಯುವ ಗಾಡಿ ಓಡಿಸಿ ಸಂಜೆ ಏಳೂಮುಕ್ಕಾಲಿಗೆ ಮನೆಗೆ ಬರುವ ಮನುಷ್ಯನೊಬ್ಬ ಅವಳಿಗೂ ಇದ್ದ. ಅವನು ಬಂದಾಗ ಅವಳೂ ಹಿಟ್ಟಿನ ಪರಾತದಿಂದ ತಲೆ ಎತ್ತಿದವಳಲ್ಲ. ಖುರ್ಚಿ ಬೇಕೋ, ಹೆಸರು ಬೇಕೋ ಎಂದು ಹರಿಪ್ರಿಯಾ ಕಿವಿಯಲ್ಲಿ ಕೇಳಿದ ಹಾಗಾಯಿತು. ಖುರ್ಚಿಯೇ ಬೇಕು. ಆದರೆ ಇಷ್ಟು ಸರಳ ಪ್ರಶ್ನೆಗೆ ಗೊತ್ತಿದ್ದೂ ಸುಳ್ಳು ಬರೆದರೆ, ಗಟ್ಟಿ ಬೀಜ ಚೆಲ್ಲಿ ಜೊಳ್ಳು ಪಾಕೀಟಿಗೆ ತುಂಬಿದ ಹಾಗೆ. ಹದಿನಾರು ವರ್ಷದ ಕೈ ಅದಕ್ಕೆ ಒಗ್ಗಲಿಲ್ಲ. ಬರೆದದ್ದನ್ನು ಹೊಡೆದುಹಾಕಿದಳು.

ಇಂಗ್ಲಿಷಿನಲ್ಲಿ ಅವಳು ಬರೆದದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ಬಂದವನು ಅವಳ ಗಂಡ. ನೋಡಿದರೆ ಎಲ್ಲರಿಗೂ ಗೊತ್ತಾಗುತ್ತದೆ. ನಾಯಿಗೆ ಗೇಟಿನ ಸಪ್ಪಳ ಆದ ಮೇಲೆ ಗೊತ್ತಾಯಿತು. ಅವಳಿಗೆ ನಾಯಿಗಿಂತ ಮೊದಲು ಗೊತ್ತಾಗಿತ್ತು. ಅದಕ್ಕೇ ಪಾತ್ರೆ ಒಲೆಯ ಮೇಲಿದೆ. ಗೊತ್ತಿದ್ದವರು ತಿರುಗಿ ನೋಡುವುದಿಲ್ಲ. ಹೆಸರೂ ಹೇಳುವುದಿಲ್ಲ." ಕ್ರಿಯಾಪದಗಳು ಮಾತ್ರ ಒಂದಕ್ಕೊಂದು ಡಿಕ್ಕಿ ಹೊಡೆದಿದ್ದವು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಪಾಸಿಗೆ ಎರಡು ಅಂಕ ಕಡಿಮೆ.

ಹಾಲಿನಲ್ಲಿ ಅಂದು ಯಾರೂ ಯಾರನ್ನೂ ಯಾವುದಕ್ಕೂ ಹೋಲಿಸಲಿಲ್ಲ. ಹಸೀನಾಬಿ ತನ್ನ ಬುತ್ತಿಯ ಅರ್ಧ ಶಾರದವ್ವನ ಮುಂದೆ ಸರಿಸಿದಳು. ಕರಬಸಪ್ಪ ಬಂದು, ಹೊರಗಿನ ಹುಡುಗಿಯ ಅರ್ಜಿ ಬಂದಿದೆ ಎಂದು ಗೋಡೆಗೆ ಹೇಳಿ ಹೋದ. ಶಾರದವ್ವ ಹರಿಪ್ರಿಯಾಳಿಗೆ ಫೋನು ಮಾಡಿ, "ಅಕ್ಕೋರ, ನಿಮ್ಮ ಮಾತು ಮೀರಿದೆ" ಎಂದು ತಪ್ಪೊಪ್ಪಿಕೊಂಡಳು. ಏನು ಮೀರಿದ್ದು ಎಂದು ತಿಳಿಯದೆ ಹರಿಪ್ರಿಯಾ ಉತ್ತರಪತ್ರಿಕೆಯ ನಕಲು ತರಿಸಿದಳು.

ಕಡೆಯ ಪುಟದಲ್ಲಿ ಕವಿತೆಯ ಉತ್ತರದ ಪಕ್ಕ ದೊಡ್ಡದೊಂದು ಸೊನ್ನೆ, ಅದರ ಕೆಳಗೆ ಎರಡು ಗೆರೆ. ಹರಿಪ್ರಿಯಾ ಮೊದಲ ಸಲ ಓದಿ ನಕ್ಕಳು. ಎರಡನೆಯ ಸಲ ಓದುವಾಗ ನಗು ಸ್ವಲ್ಪ ಕಡಿಮೆಯಾಯಿತು. ಮೂರನೆಯ ಸಲ ಓದುವ ಹೊತ್ತಿಗೆ ಹೊರಗೆ ವಿಕ್ರಮನ ಬೈಕಿನ ಸಪ್ಪಳವಾಯಿತು. ಅವಳು ಕಾಗದದಿಂದ ತಲೆ ಎತ್ತಲಿಲ್ಲ. ಎತ್ತಲಿಲ್ಲ ಎಂಬುದು ಗಮನಕ್ಕೆ ಬಂದು ಬೆಚ್ಚಿದಳು. ಆ ಪ್ರಶ್ನೆಗೆ ತನ್ನ ಶಾಲೆಯ ಮಕ್ಕಳು ಬರೆದು ಬಂದು ಹೇಳಿದ್ದ, ಅವಳೇ ಸರಿ ಎಂದಿದ್ದ ಉತ್ತರ ಅವಳಿಗೆ ನೆನಪಿತ್ತು: ಅವಳು ಹೊಲಿಗೆಯ ಕೆಲಸದಲ್ಲಿ ಮಗ್ನಳಾಗಿದ್ದಳು. ಅದಕ್ಕೆ ಮಕ್ಕಳಿಗೆಲ್ಲ ಪೂರ್ತಿ ಅಂಕ ಬಂದಿತ್ತು.

ಅಂದೇ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದಳು.

ನಕಲು ರಾಣೇಬೆನ್ನೂರಿಗೆ ಬಂದು ಹಾಲಿನಲ್ಲಿ ಮೇಜಿನಿಂದ ಮೇಜಿಗೆ ತಿರುಗಿತು. ಓದಲು ಬರುವವರು ಓದಿದರು, ಬಾರದವರಿಗೆ ಹಸೀನಾಬಿ ಅಭಿನಯಿಸಿ ತೋರಿಸಿದಳು, ನಾಯಿಯದನ್ನೂ ಸೇರಿಸಿ. ಸುದ್ದಿ ಕಾರ್ಖಾನೆಯ ಗಾಡಿಯನ್ನೂ ಹತ್ತಿತು. ಒಂದು ಸಂಜೆ ಮಲ್ಲೇಶಪ್ಪ ರೊಟ್ಟಿ ಮುರಿಯುತ್ತ ಕೇಳಿದ.

"ಪರೀಕ್ಷಾದಾಗ ನನ್ನ ಬಗ್ಗೆ ಏನೋ ಬರದೀಯಂತ?"

"ನಿಮ್ಮ ಬಗ್ಗೆ ಯಾರ ಬರೀತಾರ. ನಾಯಿ ಬಗ್ಗೆ ಬರದೇನಿ."

ಮಲ್ಲೇಶಪ್ಪ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಊಟವಾಗಿ ಕೈ ತೊಳೆದ ಮೇಲೆ, "ನಾಯಿ ಬಗ್ಗೆ ಬರದ್ರ ಎಷ್ಟು ಮಾರ್ಕ ಕೊಡ್ತಾರ?" ಎಂದ.

"ಸೊನ್ನಿ."

"ಕಡಿಮಿ ಆತು," ಎಂದು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತ.

ಜೂನ್ ಇಪ್ಪತ್ತಾರಕ್ಕೆ ಮಧ್ಯಾಹ್ನ ಹರಿಪ್ರಿಯಾಳ ಫೋನು ಬಂತು. ಕರಬಸಪ್ಪ ಆಗಷ್ಟೇ ಹಾಲಿಗೆ ಬಂದು, ಹೊರಗಿನ ಹುಡುಗಿ ಸೋಮವಾರ ಬರುತ್ತಾಳೆ, ಅವಳಿಗೆ ಯಾವ ಮೇಜು ಮೊದಲು ತೋರಿಸಬೇಕು ಎಂದು ಶಾರದವ್ವನಿಗೆ ಹೇಳುತ್ತಿದ್ದ. ಶಾರದವ್ವ ಫೋನನ್ನು ಸ್ಪೀಕರಿಗೆ ಹಾಕಿದಳು, ಕೈಯಲ್ಲಿ ಬದನೆ ಬೀಜ ಇದ್ದದ್ದರಿಂದ.

"ಶಾರದಕ್ಕ, ಪಾಸಾದ್ರಿ. ಆ ಕವಿತಾದ ಉತ್ತರಕ್ಕ ಮೂರು ಕೊಟ್ಟಾರ."

ಹಸೀನಾಬಿ ಎದ್ದು ನಿಂತು ಮೇಜು ಬಡಿದಳು. ಆರಿಸಿಟ್ಟಿದ್ದ ಬೀಜಗಳೆಲ್ಲ ಹಾರಿ ಒಂದಾದವು. ಕರಬಸಪ್ಪ ಬೈಯಲು ಬಾಯಿ ತೆರೆದವನು, ಯಾರನ್ನು ಬೈಯಬೇಕಾದರೂ ಅದು ಇನ್ನು ಸೂಪರ್‌ವೈಸರಳ ಕೆಲಸ ಎಂಬುದು ನೆನಪಾಗಿ ಮುಚ್ಚಿದ. ತನ್ನ ಕೋಣೆಗೆ ಹೋಗಿ ಸಹಿಯ ರಿಜಿಸ್ಟರು, ಅದರ ಮೇಲೆ ಪೆನ್ನು ಇಟ್ಟುಕೊಂಡು ಬಂದು ಅವಳ ಮುಂದೆ ನಿಂತ. ಅಷ್ಟಾದರೂ ಶಾರದವ್ವ ಫೋನಿನಿಂದ ಕಣ್ಣು ಕಿತ್ತಿರಲಿಲ್ಲ.

"ಮೂರ್ಯಾಕ್ರಿ? ನಾಕಕ್ಕ ಅಲ್ಲೇನು ಪ್ರಶ್ನೆ?"

"ಪಾಸಾಗೀರಿ ಶಾರದಕ್ಕ. ಇನ್ನೇನ ಬೇಕು?"

"ಒಂದ ಬೇಕು."

"ವ್ಯಾಕರಣಕ್ಕ ಕಡದಿರಬೇಕು."

"ಅಲ್ರಿ." ಶಾರದವ್ವ ಸ್ವಲ್ಪ ಯೋಚಿಸಿದಳು. ಕರಬಸಪ್ಪ ರಿಜಿಸ್ಟರು ಹಿಡಿದ ಕೈ ಬದಲಿಸಿದ. ನಲವತ್ತು ಹೆಂಗಸರು ಕೆಲಸ ನಿಲ್ಲಿಸಿ ಕೇಳುತ್ತಿದ್ದರು.

"ಮದ್ಲ ಸೊನ್ನಿ ಹಾಕಿದವ ಗಂಡಸು, ಅದರಾಗ ಮಾತಿಲ್ಲ. ಈ ಮೂರು ಕೊಟ್ಟಾಕಿ ಹೆಣ್ಣಮಗಳು. ಮನ್ಯಾಗ ಕುಂತು ಪೇಪರ ನೋಡಾಕತ್ತಿದ್ಲು, ಗಂಡ ಮಗ್ಗಲಾಗ ಸುದ್ದಿ ಪೇಪರ್ ಓದಕೋತ ಕುಂತಿದ್ದ."

"ಪೇಪರು ಮನ್ಯಾಗ ನೋಡೂದಿಲ್ಲ ಶಾರದಕ್ಕ, ಕೇಂದ್ರದಾಗ ಕೂಡಿಸಿ ನೋಡಸ್ತಾರ."

"ಎಲ್ಲೇ ನೋಡ್ಲಿ ತಗೋರಿ, ಮನಸಿನ್ಯಾಗ ಮಗ್ಗಲಾಗ ಕುಂತಿದ್ದ. ಪೂರಾ ನಾಕು ಕೊಟ್ಟಿದ್ರ ಅವನ ಹೆಸರ ಹೇಳಿದಂಗ ಆಗ್ತಿತ್ತು, ಅವಗ ಗೊತ್ತಾಗಿಬಿಡ್ತಿತ್ತು."